ಹಕ್ಕಿಯೇರಿ ಕೊಡೆ ಹಿಡಿದ ಈ ಮರದ ಗೊಂಬೆ ಟಿಪ್ಪುವಿನ ಹಡಗಿನದೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ಒಂದು ಮರದ ಗೊಂಬೆಯ ಫೋಟೊ. ದೊಡ್ಡ ಹಕ್ಕಿಯ ಬೆನ್ನ ಮೇಲೆ ಭಾರತೀಯ ಉಡುಪಿನ ಗಂಡಸು ಕುಳಿತಿದ್ದಾನೆ. ಕೈಯಲ್ಲಿ ಕೊಡೆ ಇದೆ, ಮೈತುಂಬ ಬಣ್ಣವಿದೆ. ಇಂಥ ಫೋಟೊ ವಾಟ್ಸ್ಆ್ಯಪ್‌ಗೆ ಬಂದರೆ ಅದರ ಕೆಳಗೆ ಎಂಥ ಸಾಲನ್ನಾದರೂ ಬರೆಯಬಹುದು. "ಟಿಪ್ಪುವಿನ ಯುದ್ಧನೌಕೆಯ ಗೊಂಬೆ, ಈಗ ಲಂಡನ್ನಿನಲ್ಲಿದೆ" ಎಂದು ಬರೆದರೂ ನಂಬುವವರಿದ್ದಾರೆ. "ಬ್ರಿಟಿಷರೇ ಟಿಪ್ಪುವಿಗೆ ತಲೆಬಾಗಿದ್ದಕ್ಕೆ ಸಾಕ್ಷಿ" ಎಂದರೂ, "ಟಿಪ್ಪುವನ್ನು ಹೀಯಾಳಿಸಲು ಮಾಡಿದ್ದು" ಎಂದರೂ ನಂಬುವವರಿದ್ದಾರೆ.

ಗೊಂಬೆ ನಿಜವಾದದ್ದೇ. ಇಂಗ್ಲೆಂಡಿನ ಗ್ರೀನಿಚ್‌ನಲ್ಲಿರುವ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿ ಅದನ್ನು ಇರಿಸಿದ್ದಾರೆ. ಆದರೆ ಮೇಲಿನ ಮೂರು ಸಾಲುಗಳಲ್ಲಿ ಒಂದಕ್ಕೂ ಗೊಂಬೆಯಿಂದ ಆಧಾರ ಸಿಗುವುದಿಲ್ಲ. ಮಾದರಿ ಹಡಗು ಕಟ್ಟುವ ಹವ್ಯಾಸ ಇರುವವರು ಒಂದು ಗೊಂಬೆಯನ್ನು ಹಡಗಿನ ಮೂತಿಗೆ ಅಂಟಿಸುವ ಮೊದಲು ಅದರ ಇತಿಹಾಸವನ್ನು ಹೇಗೆ ಪರೀಕ್ಷಿಸುತ್ತಾರೋ, ಹಾಗೆಯೇ ನಾವೂ ಇದನ್ನು ಹಂತ ಹಂತವಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

* ಗೊಂಬೆ ಇದ್ದದ್ದು ಬ್ರಿಟಿಷ್ ನೌಕಾಪಡೆಯ 'ಎಚ್‌ಎಂಎಸ್ ಸೆರಿಂಗಪಟಂ' ಎಂಬ ಹಡಗಿನಲ್ಲಿ.
* ಆ ಹಡಗು ನೀರಿಗಿಳಿದದ್ದು 1819ರಲ್ಲಿ, ಬಾಂಬೆಯಲ್ಲಿ. ಆ ಹೊತ್ತಿಗೆ ಟಿಪ್ಪು ಸತ್ತು 20 ವರ್ಷಗಳಾಗಿದ್ದವು.
* ಗೊಂಬೆ ಟಿಪ್ಪುವನ್ನು ಸೂಚಿಸುತ್ತದೆ ಎಂದು ಹೇಳುತ್ತಾರೆ. ಆದರೆ ಅದು ಟಿಪ್ಪುವನ್ನು ಎದುರಿಗೆ ಕೂರಿಸಿಕೊಂಡು ಕೆತ್ತಿದ ಭಾವಚಿತ್ರವಲ್ಲ.

ಹಡಗಿನ ಮೂತಿಗೆ ಗೊಂಬೆ ಏಕೆ?

ಹಾಯಿ ಹಡಗುಗಳ ಕಾಲದಲ್ಲಿ ಯುರೋಪಿನ ಹಡಗುಗಳ ಮುಂತುದಿಯಲ್ಲಿ, ಮುಂದಕ್ಕೆ ಓರೆಯಾಗಿ ಚಾಚಿದ ಕಂಬದ ಕೆಳಗೆ, ಮರದ ಕೆತ್ತನೆಯೊಂದು ಇರುತ್ತಿತ್ತು. ಇಂಗ್ಲಿಷಿನಲ್ಲಿ ಇದಕ್ಕೆ ಫಿಗರ್‌ಹೆಡ್ ಎನ್ನುತ್ತಾರೆ. ನಾವು ಇಲ್ಲಿ ಮೂತಿಗೊಂಬೆ ಎಂದು ಕರೆಯೋಣ.

ಹಡಗು ತೇಲಲು ಅಥವಾ ಓಡಲು ಈ ಗೊಂಬೆ ಬೇಕಾಗಿರಲಿಲ್ಲ. ಅದು ಹಡಗಿನ ಗುರುತು. ಬ್ರಿಟಿಷ್ ನೌಕಾಪಡೆಯಲ್ಲಿ ಒಂದು ಕಾಲದಲ್ಲಿ ಹೆಚ್ಚಿನ ಹಡಗುಗಳಿಗೆ ಸಿಂಹವೇ ಗೊಂಬೆಯಾಗಿತ್ತು. ಆಮೇಲೆ ಹಡಗಿನ ಹೆಸರಿಗೆ ತಕ್ಕ ಗೊಂಬೆ ಮಾಡುವ ರೂಢಿ ಬಲವಾಯಿತು. ಖರ್ಚು ಉಳಿಸಲು 1796ರಲ್ಲಿ ಹೊಸ ಹಡಗುಗಳಿಗೆ ಇಂಥ ಕೆತ್ತನೆ ಬೇಡ ಎಂಬ ಆದೇಶವೂ ಬಂತು. ನಾವಿಕರಿಗೆ ತಮ್ಮ ಹಡಗಿನ ಗೊಂಬೆಯ ಮೇಲೆ ಪ್ರೀತಿ ಇತ್ತು. ಹಾಗಾಗಿ ಆದೇಶ ಪೂರ್ತಿ ಜಾರಿಯಾಗಲೇ ಇಲ್ಲ.

ಇಲ್ಲಿ ಒಂದು ಮುಖ್ಯ ಮಾತಿದೆ. ಮೂತಿಗೊಂಬೆಯನ್ನು ನಿರ್ಧರಿಸುತ್ತಿದ್ದದ್ದು ಹಡಗಿನ ಒಡೆಯರು. ಆದ್ದರಿಂದ ಅದು ಮೊದಲು ಹೇಳುವುದು ಒಡೆಯರ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು. ಗೊಂಬೆಯಲ್ಲಿ ಇರುವ ವ್ಯಕ್ತಿ ನಿಜಕ್ಕೂ ಹೇಗಿದ್ದ ಎಂಬುದಕ್ಕೆ ಬೇರೆ ಸಾಕ್ಷಿ ಬೇಕು.

ಈ ಗೊಂಬೆಯ ಹಡಗು ಯಾವುದು?

'ಸೆರಿಂಗಪಟಂ' ಎಂದರೆ ನಮ್ಮ ಶ್ರೀರಂಗಪಟ್ಟಣ. ಬ್ರಿಟಿಷರು ಆ ಹೆಸರನ್ನು ಹಾಗೆ ಬರೆಯುತ್ತಿದ್ದರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಹತನಾದ. ಈ ಗೆಲುವು ಬ್ರಿಟನ್ನಿನಲ್ಲಿ ಮನೆಮಾತಾಗಿತ್ತು. ಕಾದಿದ ಸೈನಿಕರಿಗೆ ಹಂಚಲು ಪದಕವನ್ನೂ ಮಾಡಿಸಿದರು. ಆ ಪದಕದ ಮೇಲೆ ಸಿಂಹವು ಹುಲಿಯನ್ನು ಕೆಡವಿ ಹಾಕಿದ ಚಿತ್ರವಿದೆ. ಸಿಂಹ ಬ್ರಿಟನ್, ಹುಲಿ ಟಿಪ್ಪು.

ಎರಡು ದಶಕಗಳ ನಂತರ ಹೊಸ ಯುದ್ಧನೌಕೆಯೊಂದಕ್ಕೆ ಅದೇ ಊರಿನ ಹೆಸರಿಟ್ಟರು. ಅದು 46 ಫಿರಂಗಿಗಳ ದರ್ಜೆಯ ಫ್ರಿಗೇಟ್, ಅಂದರೆ ವೇಗವಾಗಿ ಓಡುವ ಮಧ್ಯಮ ಗಾತ್ರದ ಯುದ್ಧನೌಕೆ. ಬ್ರಿಟಿಷರು ಸೆರೆಹಿಡಿದಿದ್ದ 'ಪ್ರೆಸಿಡೆಂಟ್' ಎಂಬ ಫ್ರೆಂಚ್ ಹಡಗಿನ ಆಕಾರವನ್ನು ನೋಡಿ ಇದರ ನಕ್ಷೆ ಮಾಡಿದ್ದರು. ಕಟ್ಟಿದ್ದು ಬಾಂಬೆಯ ಹಡಗುಕಟ್ಟೆಯಲ್ಲಿ, ಪಾರ್ಸಿ ವಾಡಿಯಾ ಮನೆತನದ ಕುಶಲಕರ್ಮಿಗಳ ಉಸ್ತುವಾರಿಯಲ್ಲಿ. ಹಡಗು 1852ರಿಂದ ಆಫ್ರಿಕಾದ ಗುಡ್‌ಹೋಪ್ ಭೂಶಿರದಲ್ಲಿ ಕಲ್ಲಿದ್ದಲು ತುಂಬಿಡುವ ತೇಲುಗೋದಾಮಾಯಿತು. 1873ರಲ್ಲಿ ಅದನ್ನು ಒಡೆದರು. ಹಡಗು ಹೋಯಿತು, ಗೊಂಬೆ ಉಳಿಯಿತು.

ಬಾಂಬೆಯಲ್ಲೇ ಏಕೆ ಕಟ್ಟಿದರು? ಉತ್ತರ ತೇಗದ ಮರದಲ್ಲಿದೆ. ಇಂಗ್ಲೆಂಡಿನಲ್ಲಿ ಹಡಗಿಗೆ ಬೇಕಾದ ಓಕ್ ಮರ ಸಾಲದಾಗಿತ್ತು. ಓಕ್‌ನಲ್ಲಿರುವ ಟ್ಯಾನಿಕ್ ಆಮ್ಲವು ಕಬ್ಬಿಣದ ಮೊಳೆಗಳನ್ನು ತಿನ್ನುತ್ತದೆ. ತೇಗದಲ್ಲಿರುವ ಎಣ್ಣೆಯ ಅಂಶ ಮರವನ್ನೂ ಕಾಯುತ್ತದೆ, ಮೊಳೆಯನ್ನೂ ಕಾಯುತ್ತದೆ. ಇದಕ್ಕೆ ಸಾಕ್ಷಿ ಇಂದಿಗೂ ತೇಲುತ್ತಿದೆ. ಜಮ್ಷೆಡ್ಜಿ ಬೊಮನ್ಜಿ ವಾಡಿಯಾ ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ಬಾಂಬೆಯಲ್ಲಿ ನೀರಿಗಿಳಿಸಿದ 'ಟ್ರಿಂಕೋಮಲಿ' ಎಂಬ ಫ್ರಿಗೇಟನ್ನು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಈಗಲೂ ನೋಡಬಹುದು.

ಒಂದೇ ಹೆಸರು, ಮೂರು ಹಡಗು

ತಪ್ಪು ಸುಲಭವಾಗಿ ನುಸುಳುವುದು ಇಲ್ಲಿ. ಸುಮಾರು 40 ವರ್ಷಗಳ ಒಳಗೆ 'ಸೆರಿಂಗಪಟಂ' ಎಂಬ ಹೆಸರಿನ ಹಡಗುಗಳು ಕನಿಷ್ಠ ಮೂರು ಇದ್ದವು.

ಒಂದು: ತಿಮಿಂಗಿಲ ಬೇಟೆಯ ಬ್ರಿಟಿಷ್ ಹಡಗು. 1813ರಲ್ಲಿ ಪೆಸಿಫಿಕ್ ಸಾಗರದಲ್ಲಿ ಅಮೆರಿಕದ 'ಎಸೆಕ್ಸ್' ಯುದ್ಧನೌಕೆ ಇದನ್ನು ಹಿಡಿಯಿತು. ಎಸೆಕ್ಸ್‌ನ ಕ್ಯಾಪ್ಟನ್ ಡೇವಿಡ್ ಪೋರ್ಟರ್ ತನ್ನ ದಿನಚರಿ ಪುಸ್ತಕದಲ್ಲಿ, ಈ ಹಡಗನ್ನು ಮೊದಲು ಟಿಪ್ಪುವಿಗಾಗಿ ಕಟ್ಟಲಾಗಿತ್ತು ಎಂದು ಬರೆದಿದ್ದಾನೆ.

ಎರಡು: 1819ರ ನೌಕಾಪಡೆಯ ಫ್ರಿಗೇಟ್. ನಮ್ಮ ಫೋಟೊದ ಗೊಂಬೆ ಇದರದು.

ಮೂರು: 1837ರಲ್ಲಿ ಲಂಡನ್ನಿನ ಬ್ಲ್ಯಾಕ್‌ವಾಲ್‌ನಲ್ಲಿ ಕಟ್ಟಿದ ಹಡಗು. ಇದು ಭಾರತಕ್ಕೆ ಸರಕು ಮತ್ತು ಪ್ರಯಾಣಿಕರನ್ನು ಒಯ್ಯುತ್ತಿತ್ತು.

ಮೊದಲ ಹಡಗಿನ ಬಗ್ಗೆ ಪೋರ್ಟರ್ ಬರೆದ ಮಾತನ್ನು ಎತ್ತಿ ಎರಡನೆಯ ಹಡಗಿನ ಗೊಂಬೆಯ ಕೆಳಗೆ ಇಟ್ಟರೆ, 'ಟಿಪ್ಪುವಿನ ಯುದ್ಧನೌಕೆಯ ಗೊಂಬೆ' ಎಂಬ ಸಾಲು ತಾನಾಗಿ ಹುಟ್ಟುತ್ತದೆ. ಬಿಡಿಯಾಗಿ ನೋಡಿದರೆ ಎರಡೂ ತುಣುಕುಗಳಿಗೆ ಮೂಲವಿದೆ. ಸೇರಿಸಿದಾಗ ಸುಳ್ಳಾಗುತ್ತದೆ. ಪೋರ್ಟರ್ ಬರೆದದ್ದೂ ಟಿಪ್ಪು ಸತ್ತು ಹದಿನಾಲ್ಕು ವರ್ಷಗಳ ನಂತರ ಹಡಗನ್ನು ಹಿಡಿದವನೊಬ್ಬನ ಮಾತು, ಹಡಗು ಕಟ್ಟಿದವರ ದಾಖಲೆಯಲ್ಲ. ಅದನ್ನು 'ಪೋರ್ಟರ್ ಹೀಗೆ ಬರೆದಿದ್ದಾನೆ' ಎಂದಷ್ಟೇ ಹೇಳಬೇಕು.

ಹಾಗಾದರೆ ಟಿಪ್ಪುವಿಗೆ ಹಡಗುಗಳೇ ಇರಲಿಲ್ಲವೇ?

ಇದ್ದವು. ಹೈದರ್ ಅಲಿಯ ಕಾಲದಿಂದಲೇ ಮೈಸೂರಿಗೆ ಕರಾವಳಿಯಲ್ಲಿ ಹಡಗುಗಳಿದ್ದವು. 1780ರ ಡಿಸೆಂಬರಿನಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಬಳಿ ಅವುಗಳಲ್ಲಿ ಹಲವನ್ನು ನಾಶಮಾಡಿದ. ಟಿಪ್ಪು ತನ್ನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನೌಕಾಪಡೆಗಾಗಿಯೇ ಆಡಳಿತ ಮಂಡಳಿ ಮಾಡಿ, ಸುಮಾರು 40 ದೊಡ್ಡ ಹಡಗುಗಳನ್ನು ಕಟ್ಟಿಸುವ ಯೋಜನೆ ಹಾಕಿದ್ದ. ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸುವ ವಿಚಾರವೂ ಅದರಲ್ಲಿತ್ತು. ಮರ ಕೊರೆಯುವ ಸಮುದ್ರದ ಹುಳುಗಳಿಂದ ತಾಮ್ರ ಹಡಗನ್ನು ಕಾಯುತ್ತದೆ. 1799ರಲ್ಲಿ ಯೋಜನೆ ಅರ್ಧಕ್ಕೆ ನಿಂತಿತು.

ಟಿಪ್ಪುವಿನ ನೌಕಾಪಡೆ ನಿಜ, ಗ್ರೀನಿಚ್‌ನ ಗೊಂಬೆಯೂ ನಿಜ. ಇವೆರಡರ ನಡುವೆ ಸಂಬಂಧ ಇದೆ ಎನ್ನುವುದು ಮಾತ್ರ ನಿಜವಲ್ಲ.

ಗೊಂಬೆ ಟಿಪ್ಪುವಿನ ಹಾಗೆಯೇ ಇದೆಯೇ?

ಮಾದರಿ ಮಾಡುವವರು ಇಲ್ಲಿ ಒಂದೊಂದೇ ಭಾಗವನ್ನು ಬೇರೆಯಾಗಿ ನೋಡುತ್ತಾರೆ.

ಕೊಡೆ: ನಮ್ಮಲ್ಲಿ ಕೊಡೆ ಅಧಿಕಾರದ ಗುರುತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂಬ ಗಾದೆಯಲ್ಲೂ ಕೊಡೆ ಎಂದರೆ ದೊಡ್ಡಸ್ತಿಕೆಯೇ. ಆದರೆ ಅರಸ ತನ್ನ ಕೊಡೆಯನ್ನು ತಾನೇ ಹಿಡಿಯುವುದಿಲ್ಲ, ಹಿಡಿಯಲು ಛತ್ರಧಾರಿ ಇರುತ್ತಾನೆ. ಹಡಗಿನ ಇಕ್ಕಟ್ಟಾದ ಮೂತಿಯಲ್ಲಿ ಇಬ್ಬರನ್ನು ಕೂರಿಸಲು ಜಾಗ ಸಾಲದು. ಅರಸ ಎಂದು ತೋರಿಸಲು ಕೊಡೆ ಬೇಕು, ಹಿಡಿಯಲು ಆಳಿಗೆ ಜಾಗವಿಲ್ಲ. ಹಾಗಾಗಿ ಗೊಂಬೆಯ ಕೈಗೇ ಕೊಡೆ ಬಂದಿದೆ ಎಂದು ಅರ್ಥ ಮಾಡಿಕೊಳ್ಳಬಹುದು. ಇದು ಸಂಕೇತ, ಆಸ್ಥಾನದ ದೃಶ್ಯವಲ್ಲ.

ಹಕ್ಕಿ: ಇದನ್ನು ಅರಬ್ಬಿ ಕಥೆಗಳ ದೈತ್ಯ ಹಕ್ಕಿ 'ರುಖ್' ಎಂದು ಗುರುತಿಸುತ್ತಾರೆ. ಸಿಂದಬಾದನ ಕಥೆಯಲ್ಲಿ ಬರುವುದು ಇದೇ ಹಕ್ಕಿ. ಟಿಪ್ಪುವಿನ ಸಿಂಹಾಸನದ ಮೇಲ್ಕಟ್ಟಿನಲ್ಲೂ ಒಂದು ಹಕ್ಕಿ ಇತ್ತು. ಅದು ಚಿನ್ನ ಮತ್ತು ರತ್ನಗಳ 'ಹುಮಾ', ಪರ್ಷಿಯಾದ ಕಥೆಗಳ ಹಕ್ಕಿ. ಅದರ ನೆರಳು ಬಿದ್ದವನು ಅರಸನಾಗುತ್ತಾನೆ ಎಂಬ ನಂಬಿಕೆ ಇತ್ತು. 1799ರಲ್ಲಿ ಸಿಂಹಾಸನವನ್ನು ಒಡೆದು ಹಂಚಿಕೊಂಡರು, ಹುಮಾ ಹಕ್ಕಿ ಬ್ರಿಟಿಷ್ ಅರಸರ ಸಂಗ್ರಹ ಸೇರಿತು. ಸಿಂಹಾಸನದ ಹಕ್ಕಿಯ ಸುದ್ದಿ ಕೇಳಿಯೇ ಗೊಂಬೆಗೆ ಹಕ್ಕಿ ಕೆತ್ತಿದರು ಎಂದು ಊಹಿಸಲು ಯಾರಿಗಾದರೂ ಆಸೆಯಾಗುತ್ತದೆ. ಆದರೆ ಎರಡು ವಸ್ತುಗಳು ಹೋಲುತ್ತವೆ ಎಂದ ಮಾತ್ರಕ್ಕೆ ಒಂದನ್ನು ನೋಡಿ ಇನ್ನೊಂದನ್ನು ಮಾಡಿದರು ಎಂದಾಗುವುದಿಲ್ಲ. ಇದೇ ಹಕ್ಕಿಯನ್ನು ಮೈಸೂರಿನ ಗಂಡಭೇರುಂಡ ಎಂದೂ ಹೇಳಬೇಡಿ. ಗಂಡಭೇರುಂಡಕ್ಕೆ ಎರಡು ತಲೆ, ಅದು ಒಡೆಯರ್ ಮನೆತನದ ಲಾಂಛನ.

ಹುಲಿ: ಟಿಪ್ಪು ತನ್ನ ಗುರುತಾಗಿ ಎಲ್ಲೆಡೆ ಬಳಸಿದ್ದು ಹುಲಿಯನ್ನು. ಸಿಂಹಾಸನದಲ್ಲಿ, ಆಯುಧಗಳಲ್ಲಿ, ಸೈನಿಕರ ಬಟ್ಟೆಯ ಪಟ್ಟೆಗಳಲ್ಲಿ ಹುಲಿಯೇ ಇತ್ತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ 'ಟಿಪ್ಪುವಿನ ಹುಲಿ' ಎಂಬ ಯಂತ್ರದ ಗೊಂಬೆ ಎಲ್ಲರಿಗೂ ಗೊತ್ತು. ಹಡಗಿನ ಗೊಂಬೆಯಲ್ಲಿ ಅವನು ಕುಳಿತದ್ದು ಮಾತ್ರ ಹಕ್ಕಿಯ ಮೇಲೆ. ಟಿಪ್ಪು ತನ್ನ ಇಚ್ಛೆಯಂತೆ ಮಾಡಿಸಿದ್ದು ಹೀಗಿರುತ್ತಿತ್ತೇ ಎಂದು ಕೇಳಿಕೊಳ್ಳಲು ಇದೊಂದೇ ಸಾಕು.

ಗೌರವವೋ, ಅವಮಾನವೋ?

ಟಿಪ್ಪುವಿನ ಹೆಸರು ಬಂದರೆ ನಮ್ಮ ರಾಜ್ಯದಲ್ಲಿ ಜಗಳ ತಡವಾಗುವುದಿಲ್ಲ. ಅಭಿಮಾನಿಗಳ ಗುಂಪಿನಲ್ಲಿ ಈ ಫೋಟೊ ಹೆಮ್ಮೆಯ ಸಂಗತಿಯಾಗುತ್ತದೆ, ವಿರೋಧಿಗಳ ಗುಂಪಿನಲ್ಲಿ ಗೇಲಿಯ ಸಂಗತಿಯಾಗುತ್ತದೆ. ಮರದ ಗೊಂಬೆ ಇವೆರಡರಲ್ಲಿ ಯಾವುದನ್ನೂ ಹೇಳುತ್ತಿಲ್ಲ.

ಬ್ರಿಟಿಷರು ತಾವು ಗೆದ್ದ ಕೋಟೆಯ ಹೆಸರನ್ನು ಹಡಗಿಗೆ ಇಟ್ಟರು. ಹೆಸರಿಗೆ ತಕ್ಕ ಗೊಂಬೆಯನ್ನು ಮೂತಿಗೆ ಇರಿಸಿದರು. ಭಾರತದ ಹೆಸರಿದ್ದ ಬೇರೆ ಹಡಗುಗಳಿಗೂ ಹೀಗೆಯೇ ಮಾಡಿದರು. 1821ರಲ್ಲಿ ಬಾಂಬೆಯಲ್ಲಿ ನೀರಿಗಿಳಿದ 'ಗ್ಯಾಂಜಸ್' ಹಡಗಿಗೂ ಭಾರತೀಯ ಅರಸನ ಗೊಂಬೆಯೇ ಇತ್ತು. ಆದ್ದರಿಂದ ಈ ಗೊಂಬೆ ಮೊದಲಿಗೆ ಬ್ರಿಟಿಷ್ ಗೆಲುವಿನ ನೆನಪು. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ವಾದಕ್ಕೆ ಇದನ್ನು ಸಾಕ್ಷಿಯಾಗಿ ಎಳೆದು ತಂದರೆ, ಸಾಕ್ಷಿಯಿಂದ ಆಗದ ಕೆಲಸವನ್ನು ಅದರಿಂದ ಮಾಡಿಸಿದ ಹಾಗೆ.

ಬಣ್ಣವನ್ನು ನಂಬಬಹುದೇ?

ಮೂತಿಗೊಂಬೆ ಬಿಸಿಲು, ಮಳೆ, ಉಪ್ಪುನೀರು ಎಲ್ಲಕ್ಕೂ ಮೈಯೊಡ್ಡಿ ನಿಲ್ಲುವ ವಸ್ತು. ಹಡಗು ಕೆಲಸದಲ್ಲಿದ್ದಾಗ ಅದಕ್ಕೆ ಮತ್ತೆ ಮತ್ತೆ ಬಣ್ಣ ಬಳಿಯುತ್ತಿದ್ದರು. ಸಂಗ್ರಹಾಲಯಕ್ಕೆ ಬಂದ ಮೇಲೂ ಬಳಿದದ್ದುಂಟು. ಹಾಗಾಗಿ ಇಂದಿನ ಫೋಟೊದಲ್ಲಿ ಕಾಣುವ ಬಣ್ಣ 1819ರದ್ದೇ ಎಂದು ಹೇಳಲಾಗದು. ಹಳೆಯ ಬಣ್ಣ ತಿಳಿಯಬೇಕಾದರೆ ತಜ್ಞರು ಬಣ್ಣದ ಪದರದ ಸಣ್ಣ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮರದ ವಯಸ್ಸಿನ ಉಂಗುರಗಳ ಹಾಗೆ ಪದರಗಳು ಒಂದರ ಮೇಲೊಂದು ಕಾಣುತ್ತವೆ.

ಇದೇ ಪಾಠ ನಮ್ಮ ಹತ್ತಿರವೇ ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ 1784ರದ್ದು. ಅದರ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಆದರೆ ಆ ಚಿತ್ರಗಳನ್ನು ಟಿಪ್ಪುವಿನ ನಂತರವೂ ದುರಸ್ತಿ ಮಾಡಿ ಮತ್ತೆ ಬರೆಯಲಾಗಿದೆ. 19ನೇ ಶತಮಾನದ ನಡುವಿನಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆ ಆದ ಕೆಲಸ ಅವುಗಳಲ್ಲಿ ಒಂದು. ಉಡುಪು, ಕುದುರೆ ಸಾಜು, ಆಯುಧಗಳ ಆಕಾರಕ್ಕೆ ಆ ಗೋಡೆ ಒಳ್ಳೆಯ ಆಧಾರ. ಬಣ್ಣದ ಛಾಯೆಗೆ ಅಷ್ಟು ಭದ್ರವಾದ ಆಧಾರವಲ್ಲ.

ನೀವೇ ಮಾದರಿ ಹಡಗು ಕಟ್ಟುವುದಾದರೆ

ಸಮುದ್ರದಿಂದ ಇಷ್ಟು ದೂರದ ಬೆಂಗಳೂರಿನಲ್ಲೂ ಮಾದರಿ ಹಡಗು ಕಟ್ಟಲು ಅಡ್ಡಿಯಿಲ್ಲ. ಜ್ಞಾನಭಾರತಿ, ಕೆಂಗೇರಿಯ ಕಡೆಯವರಿಗೆ ಒಂದು ಅನುಕೂಲವೂ ಇದೆ. ಜ್ಞಾನಭಾರತಿ ಮೆಟ್ರೊ ನಿಲ್ದಾಣದ ಮುಂದಿನ ಮೈಸೂರು ರಸ್ತೆಯಲ್ಲೇ ಹೋದರೆ ಮೊದಲು ಚನ್ನಪಟ್ಟಣ ಸಿಗುತ್ತದೆ, ಆಮೇಲೆ ಶ್ರೀರಂಗಪಟ್ಟಣ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ಬಿಳಿಯಾಗಿ, ಮೆತ್ತಗೆ, ನಯವಾಗಿರುತ್ತದೆ. ಚಿಕ್ಕ ಕೆತ್ತನೆಗೆ ಹೇಳಿ ಮಾಡಿಸಿದ ಹಾಗಿದೆ. ಶ್ರೀರಂಗಪಟ್ಟಣದಲ್ಲಿ ಉಡುಪಿನ ಆಕಾರಗಳನ್ನು ಕಣ್ಣಾರೆ ನೋಡಬಹುದು.

1. ಹಡಗನ್ನು ಹೆಸರಿನ ಜೊತೆಗೆ ವರ್ಷದಿಂದಲೂ ಗುರುತಿಸಿ. ಒಂದೇ ಹಡಗಿಗೂ ಬೇರೆ ಬೇರೆ ಕಾಲದಲ್ಲಿ ಬೇರೆ ಗೊಂಬೆ ಇದ್ದದ್ದುಂಟು. ನೆಲ್ಸನ್‌ನ 'ವಿಕ್ಟರಿ'ಗೆ 1765ರಲ್ಲಿ ದೊಡ್ಡ ಅಲಂಕಾರದ ಗೊಂಬೆಗಳ ಗುಂಪೇ ಇತ್ತು. 1800ರ ನಂತರದ ದೊಡ್ಡ ದುರಸ್ತಿಯಲ್ಲಿ ಅದನ್ನು ತೆಗೆದು ಸರಳವಾದ ರಾಜಲಾಂಛನ ಇಟ್ಟರು. 1805ರ ಟ್ರಫಾಲ್ಗರ್ ಯುದ್ಧದ ಮಾದರಿಗೆ ಹಳೆಯ ಗೊಂಬೆ ಹಾಕಿದರೆ ತಪ್ಪಾಗುತ್ತದೆ.

2. ನಕ್ಷೆ ಹುಡುಕಿ. ಬ್ರಿಟಿಷ್ ನೌಕಾಪಡೆಯ ಹಡಗುಗಳ ನಕ್ಷೆಗಳ ಬಹು ದೊಡ್ಡ ಸಂಗ್ರಹ ಗ್ರೀನಿಚ್‌ನ ಅದೇ ಸಂಗ್ರಹಾಲಯದ್ದು. ಸಂಗ್ರಹದ ವಿವರಗಳನ್ನು ಫೋನಿನಲ್ಲೇ ಹುಡುಕಬಹುದು. ಗೊಂಬೆ ಎಷ್ಟು ಓರೆಯಾಗಿ ನಿಲ್ಲಬೇಕು ಎಂಬುದು ಮೂತಿಯ ಆಕಾರದಿಂದ ತಿಳಿಯುತ್ತದೆ.

3. ಅಳತೆ ಲೆಕ್ಕ ಹಾಕಿ. ಎರಡು ಮೀಟರ್ ಎತ್ತರದ ಗೊಂಬೆ 1:48 ಮಾದರಿಯಲ್ಲಿ ಸುಮಾರು 42 ಮಿ.ಮೀ., 1:64ರಲ್ಲಿ 31 ಮಿ.ಮೀ., 1:96ರಲ್ಲಿ 21 ಮಿ.ಮೀ. ಆಗುತ್ತದೆ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡ ಗೊಂಬೆಯಲ್ಲಿ ಮೀಸೆಯ ಕೂದಲು ಕೆತ್ತುವ ಅಗತ್ಯವಿಲ್ಲ. ಹಕ್ಕಿ, ಕೊಡೆ, ಕುಳಿತ ಭಂಗಿ ಸರಿ ಬಂದರೆ ಸಾಕು.

4. ಫೋಟೊವನ್ನು ಒಂದೇ ಬದಿಯಿಂದ ನೋಡಬೇಡಿ. ಎಡ, ಬಲ, ಎದುರು ಮೂರೂ ಬೇಕು. ಎಐ ತಯಾರಿಸಿದ ಅಥವಾ 'ಬಣ್ಣ ಹಚ್ಚಿದ' ಚಿತ್ರದಲ್ಲಿ ಬೆರಳು, ಗರಿ, ಕೊಡೆಯ ಕಡ್ಡಿಗಳು ಒಂದು ಚಿತ್ರದಿಂದ ಇನ್ನೊಂದಕ್ಕೆ ಬದಲಾಗುತ್ತವೆ.

5. ಮಾದರಿಯ ಜೊತೆ ಒಂದು ಚೀಟಿ ಇಡಿ. ಯಾವುದು ದಾಖಲೆಯಿಂದ, ಯಾವುದು ಹೋಲಿಕೆಯಿಂದ, ಯಾವುದು ನಿಮ್ಮ ಊಹೆಯಿಂದ ಎಂದು ಬರೆಯಿರಿ. ಶಾಲೆಯ ಪ್ರದರ್ಶನದಲ್ಲಿ ಮಕ್ಕಳು ಆ ಚೀಟಿಯನ್ನೇ ಬರೆದುಕೊಂಡು ಹೋಗುತ್ತಾರೆ. ಅಲ್ಲಿನ ಒಂದು ತಪ್ಪು ನಾಳೆ ನೂರು ಫೋನುಗಳಿಗೆ ಹೋಗುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಹಳೆಯ ವಸ್ತುವಿನ ಯಾವ ಫೋಟೊ ಬಂದರೂ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ವಸ್ತು ಈಗ ಎಲ್ಲಿದೆ? ಯಾವ ವರ್ಷದ್ದು? ಮಾಡಿಸಿದವರು ಯಾರು? ಫೋಟೊದ ಕೆಳಗಿನ ಸಾಲು ಇದೇ ವಸ್ತುವಿನ ಬಗ್ಗೆ ಇದೆಯೇ, ಅಥವಾ ಅದೇ ಹೆಸರಿನ ಬೇರೆ ವಸ್ತುವಿನದೇ? ಗೂಗಲ್ ಲೆನ್ಸ್‌ನಲ್ಲಿ ಫೋಟೊ ಹಾಕಿ ಸಂಗ್ರಹಾಲಯದ ಪುಟ ಸಿಗುತ್ತದೆಯೇ ನೋಡಿ. ಮೊದಲ ಮೂರು ಪ್ರಶ್ನೆಗಳಿಗೆ ಉತ್ತರ ಹೆಚ್ಚಾಗಿ ಅಲ್ಲೇ ಇರುತ್ತದೆ.

ಗೊಂಬೆಯ ಫೋಟೊವನ್ನು ಹಂಚಬೇಡಿ ಎಂದು ನಾವು ಹೇಳುತ್ತಿಲ್ಲ. ನಮ್ಮ ಶ್ರೀರಂಗಪಟ್ಟಣದ ಹೆಸರು ಹೊತ್ತು ಸಾಗರ ಸುತ್ತಿದ ಹಡಗಿನ ಕಥೆ ಎಲ್ಲರಿಗೂ ತಿಳಿಯಲಿ. ಹಂಚುವಾಗ ಈ ಸಾಲನ್ನು ಜೊತೆಗೆ ಹಾಕಿ:

"ಬ್ರಿಟಿಷ್ ನೌಕಾಪಡೆಯ 'ಸೆರಿಂಗಪಟಂ' ಹಡಗಿನ ಮೂತಿಗೊಂಬೆ. ಹಡಗು 1819ರಲ್ಲಿ ಬಾಂಬೆಯಲ್ಲಿ ನೀರಿಗಿಳಿಯಿತು, ಕಟ್ಟಿದವರು ವಾಡಿಯಾ ಮನೆತನದವರು. 1799ರ ಶ್ರೀರಂಗಪಟ್ಟಣದ ಗೆಲುವಿನ ನೆನಪಿಗೆ ಇಟ್ಟ ಹೆಸರು. ಗೊಂಬೆ ಟಿಪ್ಪುವನ್ನು ಸೂಚಿಸುತ್ತದೆ ಎನ್ನುತ್ತಾರೆ, ಆದರೆ ಹಡಗು ಟಿಪ್ಪುವಿನದಲ್ಲ. ಈಗ ಗ್ರೀನಿಚ್‌ನ ಸಂಗ್ರಹಾಲಯದಲ್ಲಿದೆ."